ತಮ್ಮನಿಗೆ ಬೋನ್ ಮ್ಯಾರೋ ಕೊಡಬೇಕು, ಗಂಡನ ಮನೆಯಲ್ಲಿ ಬೇಡ ಅಂತಿದ್ದಾರೆ. ಕೊಟ್ಟವರು ಯಾರಾದರೂ ಇದ್ದೀರಾ?

ಹೇಮಾವತಿ_ತೀರ · ಸೆಪ್ಟೆಂಬರ್ 8, ರಾತ್ರಿ 10:40

ಇಲ್ಲಿ ದಿನಾ ಓದ್ತೀನಿ, ಬರೆಯೋದು ಇದೇ ಮೊದಲು. ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ತಮ್ಮನಿಗೆ 26 ವರ್ಷ. ಜೂನ್‌ನಲ್ಲಿ ಜ್ವರ ಬಂತು, ಹಲ್ಲುಜ್ಜಿದರೆ ವಸಡಿಂದ ರಕ್ತ. ಪ್ಲೇಟ್‌ಲೆಟ್ 14 ಸಾವಿರ ಅಂದಾಗ ಡೆಂಗಿ ಇರಬೇಕು ಅಂತ ಐದು ದಿನ ಪಪ್ಪಾಯಿ ಎಲೆ ರಸ ಕುಡಿಸಿದ್ವಿ. ಬೆಂಗಳೂರಿಗೆ ಕರ್ಕೊಂಡು ಹೋದ ಮೇಲೆ ಗೊತ್ತಾಗಿದ್ದು ರಕ್ತದ ಕ್ಯಾನ್ಸರ್, ಎಎಂಎಲ್ ಅಂತ. ಮೊದಲ ಕೀಮೋ ಆಯ್ತು, ದೇವರ ದಯೆ, ಕಾಯಿಲೆ ಹತೋಟಿಗೆ ಬಂತು, ರೆಮಿಷನ್ ಅಂದ್ರು. ಆದರೆ ಕ್ರೋಮೋಸೋಮ್ ರಿಪೋರ್ಟಿನಲ್ಲಿ ಏಳನೇದು ಒಂದು ಇಲ್ಲವಂತೆ. ಇದು ಹೈ ರಿಸ್ಕ್, ಬರೀ ಕೀಮೋದಲ್ಲಿ ನಿಲ್ಲೋದು ಕಷ್ಟ, ರೆಮಿಷನ್ ಇರುವಾಗಲೇ ಸ್ಟೆಮ್ ಸೆಲ್ ಕಸಿ ಮಾಡಬೇಕು ಅಂತ ಡಾಕ್ಟರ್ ಹೇಳಿದಾರೆ. ಅಕ್ಟೋಬರ್ ಮೊದಲ ವಾರ ಅಡ್ಮಿಟ್.

ಯಾರದ್ದು ಹೊಂದುತ್ತೆ ಅಂತ ನೋಡೋ ಎಚ್‌ಎಲ್‌ಎ ಟೆಸ್ಟ್ ಮನೆಯವರದ್ದೆಲ್ಲ ಆಯ್ತು. ತಂಗಿಯದ್ದು ಅರ್ಧ ಮ್ಯಾಚ್. ನನ್ನದು ಪೂರ್ತಿ, ಹತ್ತಕ್ಕೆ ಹತ್ತು. ಅಮ್ಮ ಆಸ್ಪತ್ರೆ ಮೆಟ್ಟಿಲ ಮೇಲೇ ಕೂತು ಅತ್ತುಬಿಟ್ರು.

ನಮ್ಮ ಅತ್ತೆ ಕೆಟ್ಟವರಲ್ಲ, ಮೊದಲೇ ಹೇಳ್ತೀನಿ. ನನ್ನ ಬಾಣಂತನ ಅವರೇ ಮಾಡಿದ್ದು. ಆದರೆ "ಬೆನ್ನುಮೂಳೆಯಿಂದ ಮಜ್ಜೆ ತೆಗೆದ್ರೆ ಸೊಂಟ ಬಿದ್ದುಹೋಗುತ್ತೆ, ಇನ್ನೊಂದು ಮಗು ಆಗಲ್ಲ" ಅಂತ ಹಠ ಹಿಡಿದಿದ್ದಾರೆ. ನನಗೆ 31, ಮಗಳಿಗೆ 4. ಮಾವ ಬೇರೆ "ಹುಡುಗ ಈಗ ಚೆನ್ನಾಗೇ ಇದಾನಲ್ಲ, ಊಟ ಸೇರ್ತಿದೆ, ಮತ್ತೆ ಬಂದಾಗ ನೋಡಿದ್ರಾಯ್ತು" ಅಂತಾರೆ. ನಮ್ಮ ಮನೆಯವರು ಯಾವುದಕ್ಕೂ ಮಾತಾಡ್ತಿಲ್ಲ.

ನಿಜವಾಗಿ ಕೊಟ್ಟವರಿದ್ದರೆ ಏನಾಗುತ್ತೆ ಅಂತ ಹೇಳಿ. ಮಾವನ ಮಾತಿಗೆ ಏನು ಉತ್ತರ ಕೊಡಲಿ ಅದನ್ನೂ ಹೇಳಿ.

ರೊಟ್ಟಿ_ಬುತ್ತಿ · ರಾತ್ರಿ 11:05

ಅಕ್ಕಾರ, ನಾ ಕೊಟ್ಟೇನ್ರಿ. ನಮ್ಮ ಅಣ್ಣಗ, 2021ರಾಗ. ಧಾರವಾಡದಾಕಿ ನಾ. ಬೆನ್ನಿಗೆ ಯಾರೂ ಸೂಜಿ ಮುಟ್ಟಿಸಿಲ್ರಿ. ಕೊಟ್ಟ ಮ್ಯಾಲ ನನಗ ಎರಡನೇ ಕೂಸು ಹುಟ್ಟೇತಿ, ಈಗ ಹತ್ತು ತಿಂಗಳದ್ದು. ನಾಳೆ ಕುಂತು ಪೂರಾ ಬರೀತೀನಿ, ಈಗ ಕೂಸಿನ್ನ ಮಲಗಸಬೇಕು. ಹೆದರಬ್ಯಾಡ್ರಿ.

ವಾರ್ಡ್_ಸಿಸ್ಟರ್ · ರಾತ್ರಿ 11:31

ಕಸಿ ವಾರ್ಡಿನಲ್ಲಿ ಒಂಬತ್ತು ವರ್ಷದಿಂದ ನರ್ಸ್ ಆಗಿದ್ದೀನಿ. ಈ ಬೆನ್ನಿನ ಭಯ ಹತ್ತರಲ್ಲಿ ಎಂಟು ಮನೆಯಲ್ಲಿ ನೋಡ್ತೀನಿ. ಜನ ಎರಡು ಬೇರೆ ಬೇರೆ ವಿಷಯ ಕಲಸಿಕೊಳ್ತಾರೆ. ಬೆನ್ನಿಂದ ನೀರು ತೆಗೆಯೋದು ಬೆನ್ನುಹುರಿಯ ಸುತ್ತ ಇರೋ ದ್ರವದ ಪರೀಕ್ಷೆ, ಅದನ್ನ ರೋಗಿಗೆ ಮಾಡ್ತಾರೆ. ಡೋನರ್‌ಗೂ ಅದಕ್ಕೂ ಸಂಬಂಧವೇ ಇಲ್ಲ. ಮಜ್ಜೆಯನ್ನೇ ತೆಗೆಯೋದಾದ್ರೂ ಸೊಂಟದ ಹಿಂಭಾಗದ ಅಗಲ ಮೂಳೆಯಿಂದ, ಅರಿವಳಿಕೆ ಕೊಟ್ಟು. ಬೆನ್ನುಹುರಿ ಅಲ್ಲೆಲ್ಲೂ ಇರಲ್ಲ.

ಈಗ ದೊಡ್ಡವರ ಕಸಿಯಲ್ಲಿ ಹೆಚ್ಚಾಗಿ ಮೂಳೆ ಮುಟ್ಟೋದೂ ಇಲ್ಲ. ನಾಲ್ಕೈದು ದಿನ ಜಿ-ಸಿಎಸ್‌ಎಫ್ ಇಂಜೆಕ್ಷನ್ ಕೊಡ್ತೀವಿ. ಮಜ್ಜೆಯಲ್ಲಿರೋ ಸ್ಟೆಮ್ ಸೆಲ್‌ಗಳು ರಕ್ತಕ್ಕೆ ಇಳಿಯುತ್ತವೆ. ಐದನೇ ದಿನ ಪ್ಲೇಟ್‌ಲೆಟ್ ಕೊಡೋ ಥರದ್ದೇ ಮೆಷಿನ್. ತೆಗೆದಿದ್ದು ಕೆಲವೇ ವಾರದಲ್ಲಿ ಮತ್ತೆ ತುಂಬಿಕೊಳ್ಳುತ್ತೆ. ಗರ್ಭಕೋಶಕ್ಕೂ ಇದಕ್ಕೂ ಸಂಬಂಧ ಇಲ್ಲ. ಕೊಡೋ ಸಮಯದಲ್ಲಿ ಬಸುರಿ ಆಗಿರಬಾರದು ಅಷ್ಟೇ, ಅದಕ್ಕೆ ಮೊದಲೇ ಟೆಸ್ಟ್ ಮಾಡ್ತಾರೆ.

ಅಪಾಯ ಶೂನ್ಯ ಅಂತ ನಾನು ಹೇಳಲ್ಲ. ತೀರಾ ಅಪರೂಪಕ್ಕೆ ಗುಲ್ಮ, ಅಂದ್ರೆ ಸ್ಪ್ಲೀನ್, ಊದಿ ತೊಂದರೆ ಆಗಿದ್ದುಂಟು. ಅದಕ್ಕೇ ಆ ದಿನಗಳಲ್ಲಿ ಎಡಪಕ್ಕೆ ನೋವು ಬಂದ್ರೆ ತಕ್ಷಣ ಹೇಳಿ ಅಂತೀವಿ.

ಇನ್ನೊಂದು ಮಾತು, ಇದು ಮುಖ್ಯ. ಕೊಡಲ್ಲ ಅನ್ನೋ ಹಕ್ಕು ನಿಮಗಿದೆ. ಆದರೆ ಹೇಳೋದಾದ್ರೆ ಈಗಲೇ ಹೇಳಬೇಕು. ಕಸಿಗೆ ಮೊದಲು ಕಂಡೀಷನಿಂಗ್ ಅಂತ ಜೋರು ಕೀಮೋ ಕೊಡ್ತಾರೆ, ಅದು ತಮ್ಮನ ಮಜ್ಜೆಯನ್ನು ಪೂರ್ತಿ ಖಾಲಿ ಮಾಡುತ್ತೆ. ಅದು ಶುರುವಾದ ಮೇಲೆ ಡೋನರ್ ಹಿಂದೆ ಸರಿದ್ರೆ ರೋಗಿಗೆ ವಾಪಸ್ ದಾರಿ ಇಲ್ಲ. ಹಾಗೆ ಆಗಿದ್ದನ್ನ ಒಂದು ಸಲ ಕಣ್ಣಾರೆ ನೋಡಿದೀನಿ. ಕಡೇ ಗಳಿಗೆಯಲ್ಲಿ ತಾಯಿಯದ್ದು ಅರ್ಧ ಮ್ಯಾಚ್ ಹಾಕಿ ಬಚಾವ್ ಮಾಡಿದ್ವಿ.

ಮಂಡ್ಯದ_ಗದ್ದೆ · ಸೆಪ್ಟೆಂಬರ್ 9, ಬೆಳಗ್ಗೆ 5:50

ನಿಮ್ಮ ಮಾವನ ಮಾತಲ್ಲಿ ತಪ್ಪೇನಿದೆ ಅಂತ ನನಗೆ ಅರ್ಥ ಆಗ್ತಿಲ್ಲ. ಕಾಯಿಲೆ ಇಲ್ಲ ಅಂತ ರಿಪೋರ್ಟೇ ಹೇಳ್ತಿದೆ. ಇಲ್ಲದ ಕಾಯಿಲೆಗೆ ಅಷ್ಟು ದೊಡ್ಡ ಚಿಕಿತ್ಸೆ ಯಾಕೆ? ಆಸ್ಪತ್ರೆಯವರು ಲಕ್ಷ ಲಕ್ಷ ಎಣಿಸೋಕೆ ಮಾಡ್ತಾರೆ.

ಲ್ಯಾಬ್_ಬೆಂಚು · ಬೆಳಗ್ಗೆ 7:15

ಮಂಡ್ಯದವರೇ, ಕೇಳಿದ್ದು ಒಳ್ಳೇದಾಯ್ತು, ಎಲ್ಲರಿಗೂ ಬರೋ ಅನುಮಾನ ಇದು. ನಾನು ರಕ್ತದ ಲ್ಯಾಬಿನಲ್ಲಿ ಕೆಲಸ ಮಾಡ್ತೀನಿ.

ರೆಮಿಷನ್ ಅಂದ್ರೆ ಮಜ್ಜೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಿದಾಗ ಎಳೆ ಕೋಶಗಳು, ಅಂದ್ರೆ ಬ್ಲಾಸ್ಟ್, ನೂರಕ್ಕೆ ಐದಕ್ಕಿಂತ ಕಡಿಮೆ ಇವೆ ಅಂತ. ಕಾಯಿಲೆ ಗೊತ್ತಾದ ದಿನ ಮೈಯಲ್ಲಿ ಹತ್ತಿರ ಹತ್ತಿರ ಲಕ್ಷ ಕೋಟಿ ಕ್ಯಾನ್ಸರ್ ಕೋಶ ಇರುತ್ತವೆ ಅಂತ ಲೆಕ್ಕ. ರೆಮಿಷನ್ ಬಂದಾಗಲೂ ನೂರು ಕೋಟಿ ಉಳಿದಿರಬಹುದು, ಕಣ್ಣಿಗೆ ಕಾಣಲ್ಲ. ಎಂಆರ್‌ಡಿ ಅನ್ನೋ ಟೆಸ್ಟ್ ಹತ್ತು ಸಾವಿರದಲ್ಲಿ ಒಂದನ್ನ ಹಿಡಿಯುತ್ತೆ, ಅದಕ್ಕಿಂತ ಕಡಿಮೆ ಇದ್ದರೆ ಅದಕ್ಕೂ ಸಿಗಲ್ಲ.

ನೀವು ಬೇಸಾಯಗಾರರು, ಕಾಂಗ್ರೆಸ್ ಗಿಡ ನೆನೆಸ್ಕೊಳ್ಳಿ. ಹೊಲ ಉತ್ತು ಹಸನು ಮಾಡಿದ ದಿನ ಒಂದು ಗಿಡವೂ ಕಾಣಲ್ಲ. ಮಣ್ಣಲ್ಲಿ ಬೀಜ ಇರುತ್ತೆ.

ಎಲ್ಲ ಎಎಂಎಲ್‌ಗೂ ಕಸಿ ಬೇಕಿಲ್ಲ. ಕೆಲವು ಜೀನ್ ಬದಲಾವಣೆ ಇದ್ದರೆ ಕೀಮೋ ಸಾಕು. ಎಪಿಎಂಎಲ್ ಅನ್ನೋ ಬಗೆಗೆ ವಿಟಮಿನ್ ಎ ಜಾತಿಯ ಮಾತ್ರೆ ಮತ್ತು ಆರ್ಸೆನಿಕ್‌ನಲ್ಲೇ ಹೆಚ್ಚಿನವರು ಗುಣ ಆಗ್ತಾರೆ. ಸಿಎಂಎಲ್ ಅನ್ನೋ ಇನ್ನೊಂದು ಬಗೆಯ ರಕ್ತದ ಕ್ಯಾನ್ಸರ್‌ಗೆ 2001ರಲ್ಲಿ ಇಮಾಟಿನಿಬ್ ಮಾತ್ರೆ ಬಂದ ಮೇಲೆ ಕಸಿ ಮಾಡೋದೇ ಅಪರೂಪ. ಆದರೆ ಏಳನೇ ಕ್ರೋಮೋಸೋಮ್ ಕಳೆದುಕೊಂಡಿದ್ದು, ಟಿಪಿ53 ಅನ್ನೋ ಜೀನ್ ಕೆಟ್ಟಿದ್ದು, ಮೂರು ನಾಲ್ಕು ಕ್ರೋಮೋಸೋಮ್ ಒಟ್ಟಿಗೆ ಏರುಪೇರಾಗಿದ್ದು, ಇವು ಕೀಮೋಗೆ ಬಗ್ಗದ ಗುಂಪು. ಮತ್ತೆ ಬಂದಾಗ ನೋಡೋಣ ಅಂದ್ರೆ, ಮತ್ತೆ ರೆಮಿಷನ್‌ಗೆ ತರೋದೇ ದೊಡ್ಡ ಯುದ್ಧ.

ಮಂಡ್ಯದ_ಗದ್ದೆ · ಬೆಳಗ್ಗೆ 8:02

ಬೀಜದ ಮಾತು ತಿಳೀತು. ಹಾಗಾದ್ರೆ ಅಕ್ಕನ ಮಜ್ಜೆ ಹಾಕಿದ್ರೆ ಬೀಜ ಹೇಗೆ ಸಾಯುತ್ತೆ? ಅದು ಕೇಳಬೇಕು.

ಲ್ಯಾಬ್_ಬೆಂಚು · ಬೆಳಗ್ಗೆ 8:20

ಅದೇ ಇದರ ಜೀವಾಳ. ಜೋರು ಕೀಮೋ ಒಂದಷ್ಟು ಕೊಲ್ಲುತ್ತೆ. ಉಳಿದಿದ್ದನ್ನ ಅಕ್ಕನ ರೋಗನಿರೋಧಕ ಕೋಶಗಳು ಪರಕೀಯ ಅಂತ ಗುರುತಿಸಿ ಹುಡುಕಿ ಕೊಲ್ಲುತ್ತವೆ. ಇದು ಗೊತ್ತಾಗಿದ್ದು ಅವಳಿ ಮಕ್ಕಳಿಂದ. ಪಡಿಯಚ್ಚು ಅವಳಿಯಿಂದ ಮಜ್ಜೆ ಪಡೆದವರಲ್ಲಿ ಮೈಗೆ ಒಗ್ಗದಿರೋ ತೊಂದರೆಯೇ ಇರಲಿಲ್ಲ, ಆದರೆ ಕಾಯಿಲೆ ಮರುಕಳಿಸೋದು ಹೆಚ್ಚು. ಸ್ವಲ್ಪ ಬೇರೆತನ ಇದ್ದರೇನೇ ಕ್ಯಾನ್ಸರ್ ವಿರುದ್ಧ ಕೆಲಸ ಆಗೋದು.

ಕಡಲತಡಿ_ಕುಂದಾಪ್ರ · ಬೆಳಗ್ಗೆ 9:40

ಗಂಡಸರಿಗೆ ಗಂಡು ಡೋನರ್ರೇ ಒಳ್ಳೇದು ಅಂತ ಕೇಳಿದ್ದೆ. ಅಣ್ಣತಮ್ಮ ಯಾರೂ ಇಲ್ವಾ?

ಲ್ಯಾಬ್_ಬೆಂಚು · ಬೆಳಗ್ಗೆ 9:58

ಅರ್ಧ ನಿಜ. ಹೆಂಗಸಿನ ನಿರೋಧಕ ಕೋಶಗಳಿಗೆ ಗಂಡಸಿನ ವೈ ಕ್ರೋಮೋಸೋಮಿನ ಗುರುತುಗಳು ಪರಕೀಯ, ಹೆತ್ತವಳಾದ್ರೆ ಬಸುರಿನಲ್ಲೇ ಅಂಥ ಗುರುತು ಕಂಡಿರಬಹುದು. ಅದಕ್ಕೆ ಗಂಡು ರೋಗಿಯಲ್ಲಿ ಜಿವಿಎಚ್‌ಡಿ, ಅಂದ್ರೆ ಡೋನರ್ ಕೋಶಗಳು ರೋಗಿಯ ಮೈಮೇಲೇ ಬೀಳೋದು, ತುಸು ಜಾಸ್ತಿ. ಆದರೂ ಪೂರ್ತಿ ಮ್ಯಾಚ್ ಆದ ಒಡಹುಟ್ಟಿದವಳು ಅಂದ್ರೆ ಮೊದಲ ಸಾಲಿನ ಡೋನರ್. ಒಡಹುಟ್ಟಿದ ಒಬ್ಬೊಬ್ಬರೂ ಪೂರ್ತಿ ಮ್ಯಾಚ್ ಆಗೋ ಅವಕಾಶ ನಾಲ್ಕರಲ್ಲಿ ಒಂದೇ. ಎಚ್‌ಎಲ್‌ಎ ಜೀನ್‌ಗಳು ಆರನೇ ಕ್ರೋಮೋಸೋಮಿನಲ್ಲಿ ಒಟ್ಟಿಗೆ ಕೂತಿವೆ, ಅಪ್ಪನಿಂದ ಒಂದು ಕಂತೆ, ಅಮ್ಮನಿಂದ ಒಂದು ಕಂತೆ ಬರುತ್ತೆ. ಎರಡೂ ಅದೇ ಕಂತೆ ಬಂದ್ರೆ ಮಾತ್ರ ಪೂರ್ತಿ.

ಗದಗ_ಬೆಟಗೇರಿ · ಬೆಳಗ್ಗೆ 10:30

ನಮ್ಮಲ್ಲಿ ಸೋದರಮಾವನ್ನ, ಸೋದರತ್ತೆ ಮಗನ್ನ ಮಾಡ್ಕೊಳ್ಳೋದು ಬಾಳ ಐತಲ್ಲ, ಅದರಿಂದ ಮ್ಯಾಚ್ ಸಿಗೋದು ಜಾಸ್ತಿ ಅಂತಾರ, ಖರೇ ಏನ್ರಿ? ನಮ್ಮ ಓಣ್ಯಾಗ ಒಬ್ಬ ಹುಡುಗಗ ಅಣ್ಣತಮ್ಮರದ್ದು ಕೂಡಲಿಲ್ಲ, ಚಿಗವ್ವನ ಮಗಳದ್ದು ಪೂರಾ ಕೂಡ್ತು.

ವಾರ್ಡ್_ಸಿಸ್ಟರ್ · ಬೆಳಗ್ಗೆ 10:44

ಖರೇ. ಸಂಬಂಧದಲ್ಲೇ ಮದುವೆ ಆದ ಮನೆತನದಲ್ಲಿ ಅದೇ ಎಚ್‌ಎಲ್‌ಎ ಕಂತೆಗಳು ಸುತ್ತಿ ಸುತ್ತಿ ಬರ್ತಿರುತ್ತವೆ. ಅಪ್ಪ ಅಮ್ಮಂದಿರೇ ಪೂರ್ತಿ ಮ್ಯಾಚ್ ಆಗಿದ್ದು ನೋಡಿದೀನಿ. ಅದಕ್ಕೆ ನಮ್ಮ ಕಡೆ ಡಾಕ್ಟರುಗಳು ವಂಶವೃಕ್ಷ ಬರೆಸ್ಕೋತಾರೆ, ಸೋದರಮಾವ, ಚಿಕ್ಕಮ್ಮನ ಮಕ್ಕಳನ್ನೂ ಕರೆಸ್ತಾರೆ.

ಬಳ್ಳಿಮೂಲಿಕೆ · ಬೆಳಗ್ಗೆ 11:20

ಅಮೃತಬಳ್ಳಿ ಕಷಾಯ ಮಂಡಲ ಕಾಲ ಕುಡಿಸಿ ನೋಡಿ. ರಕ್ತ ಶುದ್ಧಿ ಆಗುತ್ತೆ. ನಮ್ಮ ಪರಿಚಯದವರಿಗೆ ಗುಣ ಆಗಿದೆ.

ವಾರ್ಡ್_ಸಿಸ್ಟರ್ · ಬೆಳಗ್ಗೆ 11:26

ದಯವಿಟ್ಟು ಬೇಡ. ಅಮೃತಬಳ್ಳಿ ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದ್ದಾರೆ. ಕಸಿಗೆ ಹೋಗೋ ಹುಡುಗನ ಲಿವರ್‌ಗೆ ಇಷ್ಟು ಪೆಟ್ಟು ಬಿದ್ರೂ ಕಂಡೀಷನಿಂಗ್ ಕೊಡೋಕಾಗಲ್ಲ, ತಾರೀಕೇ ಮುಂದೆ ಹೋಗುತ್ತೆ. ಯಾವ ಸೊಪ್ಪು, ಯಾವ ಪುಡಿ ಕೊಟ್ಟಿದ್ರೂ ಡಾಕ್ಟರ್ ಹತ್ತಿರ ಮುಚ್ಚಿಡಬೇಡಿ.

ರೊಟ್ಟಿ_ಬುತ್ತಿ · ಮಧ್ಯಾಹ್ನ 2:10

ಕೂಸು ಮಲಗೇತಿ, ಈಗ ಬರೀತೀನಿ.

ಇಂಜೆಕ್ಷನ್ ಹೊಟ್ಟಿ ಚರ್ಮಕ್ಕ ಕೊಡ್ತಾರ, ಮುಂಜಾನೆ ಒಂದು ಸಂಜಿಗೆ ಒಂದು. ಮೊದಲನೇ ದಿನ ಏನೂ ಆಗ್ಲಿಲ್ಲ. ಮೂರನೇ ದಿನಕ್ಕ ಸೊಂಟ, ಎದಿ ಎಲುಬು, ತೊಡಿ ಎಲ್ಲಾ ಒಳಗಿಂದ ಒತ್ತಿದಂಗ ನೋವು. ಹುಬ್ಬಳ್ಳಿಯಿಂದ ಬೆಂಗಳೂರಿಗೆ ಕೆಂಪು ಬಸ್ಸಿನ್ಯಾಗ ಹಿಂದಿನ ಸೀಟಿಗೆ ಕುಂತು ಬಂದರ ಹೆಂಗಾಕ್ಕತಿ, ಹಂಗ. ಪ್ಯಾರಾಸಿಟಮಾಲ್ ಕೊಟ್ರು, ಕಡಿಮಿ ಆತು. ಮೈ ಬೆಚ್ಚಗಿತ್ತು, ತಲಿ ನೋವಿತ್ತು.

ಐದನೇ ದಿನ ಮೆಷಿನ್. ಎರಡೂ ಕೈಗೆ ಸೂಜಿ, ಒಂದರಾಗಿಂದ ರಕ್ತ ಹೋಗಿ ಇನ್ನೊಂದರಾಗ ವಾಪಸ್ ಬರ್ತದ. ನಾಲ್ಕೂವರಿ ತಾಸು. ಕೈ ಮಡಚಂಗಿಲ್ಲ, ಮೂಗು ತುರಿಸಿದರ ನಮ್ಮ ಅವ್ವನ್ನ ಕರೀತಿದ್ದೆ. ಅರ್ಧಕ್ಕ ತುಟಿ ಸುತ್ತ ಜುಮು ಜುಮು ಅಂತು. ಸಿಸ್ಟರ್ ಬಂದು ಕ್ಯಾಲ್ಸಿಯಂ ಹಚ್ಚಿದ್ರು, ನಿಂತ್ತು. ರಕ್ತ ಹೆಪ್ಪುಗಟ್ಟಬಾರದು ಅಂತ ಹಾಕೋ ಔಷಧಿ ಕ್ಯಾಲ್ಸಿಯಂ ಎಳೀತದಂತ. ಸಂಜಿಗೆ ಎದ್ದು ಕ್ಯಾಂಟೀನಿಗೆ ಹೋಗಿ ಚಪಾತಿ ಪಲ್ಯ ತಿಂದೆ. ಒಂದು ವಾರಕ್ಕ ಸಾಲಿಗೆ ಹೋದೆ, ನಾ ಟೀಚರ್.

ನನ್ನ ಸ್ಟೆಮ್ ಸೆಲ್ಲಿನ ಚೀಲ ನೋಡಿದೆ. ಒಂದು ಚಿಕ್ಕ ತಂಬಿಗಿ ತುಂಬಂಗಿಲ್ಲ, ಅಷ್ಟ. ಅಷ್ಟರಾಗ ನಮ್ಮ ಅಣ್ಣ ಬದುಕ್ಯಾನ. ನಿಮ್ಮ ಅತ್ತಿಯವರ ಜೊತಿ ನಾ ಮಾತಾಡ್ತೀನಿ ಬೇಕಾದ್ರ. ಖಾಸಗಿ ಮೆಸೇಜಿಗೆ ನಂಬರ್ ಕಳಸ್ರಿ.

ಕಡಲತಡಿ_ಕುಂದಾಪ್ರ · ಮಧ್ಯಾಹ್ನ 2:40

ಇದನ್ನು ಓದಿ ಕಣ್ಣಲ್ಲಿ ನೀರು ಬಂತು ಮಾರಾಯ್ರೆ. ನಮ್ಮ ದೊಡ್ಡಪ್ಪನ ಮಗಳಿಗೆ ಅವಳಪ್ಪನದ್ದೇ ಅರ್ಧ ಮ್ಯಾಚ್ ಹಾಕಿದ್ದು. ಚೀಲದ ಬಣ್ಣ ಗಟ್ಟಿ ಪುನರ್ಪುಳಿ ಸಾರಿನ ಹಾಗೆ ಇತ್ತು. ಆಪರೇಷನ್ ಥಿಯೇಟರ್ ಅಂತ ಏನೇನೋ ಕಲ್ಪನೆ ಮಾಡಿಕೊಂಡಿದ್ದೆವು. ಹಾಸಿಗೆಯಲ್ಲೇ, ರಕ್ತ ಏರಿಸಿದ ಹಾಗೆ ಏರಿಸಿದರು. ಆ ಕೋಶಗಳು ತಾವೇ ದಾರಿ ಹುಡುಕಿಕೊಂಡು ಮೂಳೆಯೊಳಗೆ ಹೋಗಿ ಕೂರುತ್ತವಂತೆ.

ತುಂಗೆಯ_ದಡ · ಸಂಜೆ 6:15

ಇಲ್ಲಿ ಎಲ್ಲರೂ ಒಳ್ಳೇದಾದ ಕಥೆಯನ್ನೇ ಹೇಳ್ತಿದ್ದೀರಿ. ಇನ್ನೊಂದು ಮುಖವೂ ಗೊತ್ತಿರಲಿ.

ನಮ್ಮ ಅಪ್ಪನಿಗೆ 58. ಚಿಕ್ಕಪ್ಪನ ಸ್ಟೆಮ್ ಸೆಲ್, ಪೂರ್ತಿ ಮ್ಯಾಚ್. ಹದಿನೆಂಟನೇ ದಿನ ಬಿಳಿ ರಕ್ತಕಣದ ಕೌಂಟ್ ಬಂತು, ಸಿಹಿ ಹಂಚಿದೆವು. ಮೂವತ್ತನೇ ದಿನಕ್ಕೆ ಅಂಗೈ ಕೆಂಪಾಯ್ತು. ಆಮೇಲೆ ಹೊಟ್ಟೆ. ದಿನಕ್ಕೆ ಇಪ್ಪತ್ತು ಸಲ ಭೇದಿ. ಜಿವಿಎಚ್‌ಡಿ ಅಂದ್ರು. ಸ್ಟೆರಾಯ್ಡ್‌ಗೆ ಬಗ್ಗಲಿಲ್ಲ. 74ನೇ ದಿನ ಹೋದರು. ಆ ಕೊನೆಯ ತಿಂಗಳು ಅಪ್ಪ ಪಟ್ಟ ಪಾಡು ನೋಡಿದವನು ನಾನು. ಕ್ಯಾನ್ಸರ್ ಇರಲಿಲ್ಲ, ಕಸಿಯೇ ಅವರನ್ನು ತೆಗೆದುಕೊಂಡಿತು. ಹೀಗೂ ಆಗಬಹುದು ಅಂತ ಆ ಆಸ್ಪತ್ರೆಯಲ್ಲಿ ಯಾರೂ ಕೂರಿಸಿಕೊಂಡು ಹೇಳಲಿಲ್ಲ. ಹತ್ತು ಪುಟದ ಫಾರಂಗೆ ಸಹಿ ಹಾಕಿಸಿಕೊಂಡರು.

ಕಡಲತಡಿ_ಕುಂದಾಪ್ರ · ಸಂಜೆ 6:31

ತುಂಬಾ ಬೇಸರ ಆಯ್ತು ಸರ್. ಆದ್ರೆ ಈಗಲೇ ಹೆದರಿರೋ ಹೆಣ್ಣುಮಗಳಿಗೆ ಇದನ್ನೆಲ್ಲ ಹೇಳಬೇಕಿತ್ತಾ?

ತುಂಗೆಯ_ದಡ · ಸಂಜೆ 6:50

ಹೇಳಲೇಬೇಕು. ನಮಗೆ ಯಾರೂ ಹೇಳಲಿಲ್ಲ ಅಂತಲೇ ಹೇಳ್ತಿದ್ದೀನಿ. ಬೇಡ ಅನ್ನೋದು ನನ್ನ ಮಾತಲ್ಲ. 26ರ ಹುಡುಗ, ಹೈ ರಿಸ್ಕ್, ರೆಮಿಷನ್‌ನಲ್ಲಿದ್ದಾನೆ, ನಾನಾಗಿದ್ದರೂ ಮಾಡಿಸ್ತಿದ್ದೆ. ಆದರೆ ಕಸಿ ಆದ ದಿನ ಕಥೆ ಮುಗೀತು ಅಂದುಕೊಂಡು ಹೋಗಬೇಡಿ. ಮೊದಲ ನೂರು ದಿನ ಆಸ್ಪತ್ರೆ ಹತ್ತಿರವೇ ಮನೆ ಮಾಡಿ. ಚರ್ಮ ಕೆಂಪು, ಭೇದಿ, ಕಣ್ಣು ಹಳದಿ, ಜ್ವರ, ಯಾವುದಾದರೂ ಒಂದು ಕಂಡರೆ ರಾತ್ರಿ ಎರಡು ಗಂಟೆಯಾದರೂ ಹೋಗಿ. ನಾವು ಭೇದಿಯನ್ನು ಊಟದ ವ್ಯತ್ಯಾಸ ಅಂದುಕೊಂಡು ಎರಡು ದಿನ ಮನೆಯಲ್ಲೇ ಇಟ್ಟುಕೊಂಡೆವು. ಆ ಎರಡು ದಿನ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಹೇಮಾವತಿ_ತೀರ · ರಾತ್ರಿ 9:12

ತುಂಗೆಯ ದಡ ಅಣ್ಣ, ನೀವು ಹೇಳಿದ್ದು ಒಳ್ಳೇದೇ ಆಯ್ತು. ಬರೆದಿಟ್ಟುಕೊಂಡಿದ್ದೀನಿ. ನಾಳೆ ಡಾಕ್ಟರ್ ಹತ್ತಿರ ಇದನ್ನೇ ಕೇಳ್ತೀನಿ. ಅಪ್ಪನ ವಿಷಯ ಓದಿ ಏನು ಹೇಳಬೇಕೋ ತಿಳೀತಿಲ್ಲ.

ವಾರ್ಡ್_ಸಿಸ್ಟರ್ · ರಾತ್ರಿ 9:50

ತುಂಗೆಯ ದಡ ಸರ್, ನೀವು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ವಯಸ್ಸು ಹೆಚ್ಚಾದಷ್ಟು ಕಷ್ಟ ಹೆಚ್ಚು, ಅದಕ್ಕೆ ಈಗ ದೊಡ್ಡ ವಯಸ್ಸಿನವರಿಗೆ ಕಂಡೀಷನಿಂಗ್ ಕಡಿಮೆ ಮಾಡ್ತಾರೆ. ಸ್ಟೆರಾಯ್ಡ್‌ಗೆ ಬಗ್ಗದಿದ್ರೆ ಈಗ ರುಕ್ಸೋಲಿಟಿನಿಬ್ ಅನ್ನೋ ಮಾತ್ರೆ ಕೊಡ್ತೀವಿ. ಅರ್ಧ ಮ್ಯಾಚ್‌ಗೂ ದಾರಿ ತೆರೆದಿದ್ದು ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್‌ಕಿನ್ಸ್‌ನವರು. ಕಸಿಯಾದ ಮೂರನೇ, ನಾಲ್ಕನೇ ದಿನ ಸೈಕ್ಲೋಫಾಸ್ಫಮೈಡ್ ಕೊಟ್ರೆ ಮೈಮೇಲೆ ಬೀಳೋ ಕೋಶಗಳು ಸಾಯ್ತವೆ, ಸ್ಟೆಮ್ ಸೆಲ್ ಉಳಿಯುತ್ತೆ. ಹಳೇ ಔಷಧಿ, ಬೆಲೆಯೂ ಕಡಿಮೆ. ನಮ್ಮಂಥ ದೇಶಕ್ಕೆ ಅದು ವರ.

ಡಲ್ಲಾಸ್_ಕನ್ನಡಿಗ · ಸೆಪ್ಟೆಂಬರ್ 10, ಬೆಳಗ್ಗೆ 6:20

ಇತಿಹಾಸದ ಎರಡು ಮಾತು. 1957ರಲ್ಲಿ ಇಲ್ಲಿನ ಡಾ. ಡೊನಾಲ್ ಥಾಮಸ್ ಆರು ಜನಕ್ಕೆ ಮಜ್ಜೆ ಏರಿಸಿದ ವರದಿ ಬರೆದರು. ಆರರಲ್ಲಿ ಒಬ್ಬರೂ ನೂರು ದಿನ ದಾಟಲಿಲ್ಲ. ಅವರು ಬಿಡಲಿಲ್ಲ. 1990ರಲ್ಲಿ ನೊಬೆಲ್ ಬಂತು. ನಮ್ಮ ದೇಶದಲ್ಲಿ ಮೊದಲ ಕಸಿ 1983ರಲ್ಲಿ ಮುಂಬೈನ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, ಡಾ. ಸುರೇಶ್ ಅಡ್ವಾಣಿಯವರ ತಂಡದಿಂದ. ಎಎಂಎಲ್ ಇದ್ದ ಒಂಬತ್ತು ವರ್ಷದ ಹುಡುಗಿಗೆ ಒಡಹುಟ್ಟಿದ ಹುಡುಗನದ್ದು. ಈಗ ಇಲ್ಲಿ ಅಕ್ಕ ತಮ್ಮನಿಗೆ ಕೊಡ್ತಿದ್ದಾಳೆ.

ಮನೆಯಲ್ಲಿ ಯಾರದ್ದೂ ಹೊಂದದವರಿಗೆ ದಾನಿ ನೋಂದಣಿಯೇ ಗತಿ. ನಮ್ಮವರಿಗೆ ಬಿಳಿಯರಲ್ಲಿ ಮ್ಯಾಚ್ ಸಿಗೋದು ಬಹಳ ಕಷ್ಟ, ನಮ್ಮವರಲ್ಲೇ ಸಿಗಬೇಕು. ಚೆನ್ನೈನ ದಾತ್ರಿ, ಬೆಂಗಳೂರಿನ ಡಿಕೆಎಂಎಸ್ ಇವೆ. ಕೆನ್ನೆ ಒಳಗೆ ಹತ್ತಿ ಕಡ್ಡಿ ಆಡಿಸಿ ಕೊಟ್ಟರೆ ಸಾಕು. ಆದರೆ ಕ್ಯಾಂಪಿನ ದಿನ ಉತ್ಸಾಹದಲ್ಲಿ ಹೆಸರು ಬರೆಸಿ, ಕರೆ ಬಂದಾಗ "ಮನೆಯಲ್ಲಿ ಒಪ್ಪಲ್ಲ" ಅಂತ ಫೋನ್ ಇಡೋರು ತುಂಬಾ ಜನ. ಆ ಕಡೆ ಒಬ್ಬರು ಕಾಯ್ತಿರ್ತಾರೆ. ಒಪ್ಪೋದಾದರೆ ಮಾತ್ರ ಹೆಸರು ಕೊಡಿ.

ಗುಬ್ಬಚ್ಚಿ · ಬೆಳಗ್ಗೆ 11:00

ವಿಷಯ ಸ್ವಲ್ಪ ಬೇರೆ, ಕ್ಷಮಿಸಿ. ನನಗೆ ಏಳು ತಿಂಗಳು. ಸ್ಕ್ಯಾನಿಂಗ್‌ಗೆ ಕಾಯ್ತಾ ಕೂತಾಗ ಒಬ್ಬರು ಬಂದು ಮಗುವಿನ ಹೊಕ್ಕುಳಬಳ್ಳಿ ರಕ್ತ ಕಾಪಿಡಿ, ಮುಂದೆ ಬ್ಲಡ್ ಕ್ಯಾನ್ಸರ್ ಬಂದ್ರೆ ಅದರ ಸ್ಟೆಮ್ ಸೆಲ್ಲೇ ಹಾಕಬಹುದು ಅಂದ್ರು. ಕಂತಿನಲ್ಲಿ ಕಟ್ಟಬಹುದಂತೆ. ಮಾಡಿಸಲಾ?

ಲ್ಯಾಬ್_ಬೆಂಚು · ಬೆಳಗ್ಗೆ 11:18

ದುಡ್ಡು ಇಟ್ಕೊಳ್ಳಿ ಅಮ್ಮ. ಮಗುವಿಗೆ ಮುಂದೆ ಬ್ಲಡ್ ಕ್ಯಾನ್ಸರ್ ಬಂದರೆ ಅದರ ಬೀಜ ಹೊಕ್ಕುಳಬಳ್ಳಿ ರಕ್ತದಲ್ಲೇ ಇರಬಹುದು. ಅಲ್ಲದೆ ಮೇಲೆ ಅವಳಿಗಳ ವಿಷಯ ಹೇಳಿದ್ನಲ್ಲ, ತನ್ನದೇ ಕೋಶ ಕ್ಯಾನ್ಸರನ್ನ ಪರಕೀಯ ಅಂತ ಗುರುತಿಸಲ್ಲ. ಸುಮ್ಮನೆ ಖಾಸಗಿಯಾಗಿ ಕಾಪಿಡೋದನ್ನ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಶಿಫಾರಸು ಮಾಡಲ್ಲ. ಮನೆಯಲ್ಲಿ ಈಗಾಗಲೇ ಥಲಸ್ಸೇಮಿಯಾದಂಥ ರಕ್ತದ ಕಾಯಿಲೆ ಇರೋ ಮಗು ಇದ್ದರೆ ಮಾತು ಬೇರೆ. ಜಗತ್ತಿನ ಮೊದಲ ಹೊಕ್ಕುಳಬಳ್ಳಿ ಕಸಿ 1988ರಲ್ಲಿ ಪ್ಯಾರಿಸ್‌ನಲ್ಲಿ ಆಗಿದ್ದೂ ಹಾಗೇ, ಕಾಯಿಲೆಯ ಹುಡುಗನಿಗೆ ಆಗ ಹುಟ್ಟಿದ ತಂಗಿಯದ್ದು.

ಗುಬ್ಬಚ್ಚಿ · ಬೆಳಗ್ಗೆ 11:25

ತುಂಬಾ ಥ್ಯಾಂಕ್ಸ್. ನಮ್ಮ ಯಜಮಾನರಿಗೆ ಈ ಪುಟ ತೋರಿಸ್ತೀನಿ.

ಮಂಡ್ಯದ_ಗದ್ದೆ · ಮಧ್ಯಾಹ್ನ 1:05

ಖರ್ಚಿನ ಬಗ್ಗೆ ಯಾರೂ ಹೇಳ್ತಿಲ್ಲ. ಬಡವರು ಏನು ಮಾಡಬೇಕು?

ಕಡಲತಡಿ_ಕುಂದಾಪ್ರ · ಮಧ್ಯಾಹ್ನ 1:40

ನಮಗೆ ಖಾಸಗಿಯಲ್ಲಿ ಎಲ್ಲ ಸೇರಿ ಇಪ್ಪತ್ತು ಲಕ್ಷ ದಾಟಿತು. ಅಡಿಕೆ ತೋಟದ ಮೇಲೆ ಸೊಸೈಟಿ ಸಾಲ, ಊರಿನವರು ಕೂಡಿಸಿ ಕೊಟ್ಟದ್ದು, ಎರಡು ಟ್ರಸ್ಟು. ಪ್ರಧಾನಮಂತ್ರಿ ಪರಿಹಾರ ನಿಧಿಗೆ ಶಾಸಕರ, ಸಂಸದರ ಪತ್ರ ಹಿಡಿದು ಅರ್ಜಿ ಹಾಕಿದೆವು, ಸ್ವಲ್ಪ ಬಂತು. ಆಸ್ಪತ್ರೆಯ ಎಸ್ಟಿಮೇಟ್ ಪತ್ರ ಮೊದಲ ದಿನವೇ ಕೇಳಿ ತಗೊಳ್ಳಿ, ಎಲ್ಲ ಅರ್ಜಿಗೂ ಅದೇ ಬೇಕು. ಆಮೇಲೆ ಕೊಟ್ಟ ಬಿಲ್ಲಿಗೆ ಹಲವು ಕಡೆ ಹಣ ಬರುವುದಿಲ್ಲ.

ವಾರ್ಡ್_ಸಿಸ್ಟರ್ · ಮಧ್ಯಾಹ್ನ 2:15

ಬಿಪಿಎಲ್ ಕಾರ್ಡ್ ಇದ್ದವರು ಆಸ್ಪತ್ರೆಯ ಆರೋಗ್ಯಮಿತ್ರ ಕೌಂಟರ್‌ನಲ್ಲಿ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಏನು ಸಿಗುತ್ತೆ ಅಂತ ಕೇಳಿ. ಕಿದ್ವಾಯಿಯಲ್ಲಿ ವಿಚಾರಿಸಿ. ವೇಲೂರಿನ ಸಿಎಂಸಿಗೂ ನಮ್ಮ ಕೋಲಾರ, ಚಿತ್ತೂರು ಕಡೆಯವರು ಬಹಳ ಹೋಗ್ತಾರೆ. ರೈಲಿನಲ್ಲಿ ಕ್ಯಾನ್ಸರ್ ರೋಗಿಗೂ ಜೊತೆಗೆ ಬರೋರಿಗೂ ರಿಯಾಯಿತಿ ಇದೆ, ಆಸ್ಪತ್ರೆಯ ಫಾರಂ ತುಂಬಿಸ್ಕೊಳ್ಳಿ.

ಇನ್ನು ಹೇಮಾವತಿ ಅಕ್ಕ, ಎರಡು ವಿಷಯ. ತಮ್ಮನಿಗೆ ಮದುವೆ ಆಗಿಲ್ಲ ಅಂದ್ರೆ ವೀರ್ಯ ಕಾಪಿಡೋದರ ಬಗ್ಗೆ ಕಂಡೀಷನಿಂಗ್‌ಗೆ ಮೊದಲು ಕೇಳಿ. ನಾಚಿಕೆಗೆ ಯಾರೂ ಕೇಳಲ್ಲ, ಆಮೇಲೆ ಕೊರಗ್ತಾರೆ. ಮತ್ತೆ ನೀವು, ತಂಗಿ, ಅಪ್ಪ ಅಮ್ಮ ಯಾರೂ ಅವನಿಗೆ ಈಗ ರಕ್ತ, ಪ್ಲೇಟ್‌ಲೆಟ್ ಕೊಡಬೇಡಿ. ಅವನ ಮೈ ನಿಮ್ಮ ಕೋಶದ ವಿರುದ್ಧ ತಯಾರಾಗಿಬಿಟ್ರೆ ಕಸಿ ಹಿಡಿಯೋದು ಕಷ್ಟ. ಪ್ಲೇಟ್‌ಲೆಟ್‌ಗೆ ಸ್ನೇಹಿತರನ್ನ ಸಾಲಾಗಿ ಬರೆದಿಟ್ಕೊಳ್ಳಿ.

ಹೇಮಾವತಿ_ತೀರ · ಸೆಪ್ಟೆಂಬರ್ 14, ರಾತ್ರಿ 8:30

ಒಂದು ವಿಷಯ ಹೇಳಬೇಕಿತ್ತು.

ಮೊನ್ನೆ ರೊಟ್ಟಿ ಬುತ್ತಿ ಅಕ್ಕ ಫೋನ್ ಮಾಡಿದ್ರು. ಸ್ಪೀಕರ್ ಹಾಕಿ ಅಡುಗೆಮನೆಯಲ್ಲೇ ಕೂತ್ವಿ. ಅತ್ತೆ ಮೊದಲು ಮಾತಾಡ್ಲೇ ಇಲ್ಲ, ಹುರುಳಿಕಾಯಿ ನಾರು ಬಿಡಿಸ್ತಾ ಇದ್ರು. ಇಂಜೆಕ್ಷನ್ ವಿಷಯ ಹೇಳುವಾಗ ಆ ಕಡೆಯಿಂದ ಮಗು ಅಳೋದು ಕೇಳಿಸ್ತು. ಅತ್ತೆ ತಲೆ ಎತ್ತಿ, "ಇದು ಕೊಟ್ಟಾದ ಮೇಲೆ ಹುಟ್ಟಿದ್ದಾ? ಹಾಲು ಸರಿಯಾಗಿ ಬಂತಾ? ಸೊಂಟ ಹೇಗಿದೆ?" ಅಂತ ಕೇಳಿದ್ರು. ಆಮೇಲೆ ಅರ್ಧ ಗಂಟೆ ಅವರಿಬ್ಬರೇ ಮಾತಾಡಿದ್ದು, ಬಾಣಂತನ, ಅಂಟಿನುಂಡೆ, ಎಲ್ಲಾ.

ನಿನ್ನೆ ಅತ್ತೆನೇ ಬೆಂಗಳೂರಿಗೆ ಬಂದ್ರು. ಡೋನರ್‌ಗೆ ಅಂತ ಬೇರೆ ಡಾಕ್ಟರ್ ಇರ್ತಾರಂತೆ, ತಮ್ಮನ್ನ ನೋಡೋರಲ್ಲ. ಅವರು ನನ್ನನ್ನೊಬ್ಬಳನ್ನೇ ಕೂರಿಸ್ಕೊಂಡು "ನಿಮಗೆ ಮನಸಿದೆಯಾ, ಯಾರಾದ್ರೂ ಒತ್ತಾಯ ಮಾಡ್ತಿದ್ದಾರಾ" ಅಂತ ಕೇಳಿದ್ರು. ಮದುವೆಯಾಗಿ ಆರು ವರ್ಷದಲ್ಲಿ ನನ್ನನ್ನ ಹೀಗೆ ಯಾರೂ ಕೇಳಿರಲಿಲ್ಲ. ಕೊಡ್ತೀನಿ ಅಂದೆ. ನಮ್ಮ ಮನೆಯವರು ಆಫೀಸಲ್ಲಿ ಹತ್ತು ದಿನ ರಜೆ ಹಾಕಿದ್ದಾರೆ.

ರೊಟ್ಟಿ_ಬುತ್ತಿ · ರಾತ್ರಿ 8:41

ನಿಮ್ಮ ಅತ್ತಿಯವರು ನನಗ ಅಂಟಿನುಂಡಿ ಕಳಸ್ತೀನಿ ಅಂದಾರ್ರಿ. ಅಡ್ರೆಸ್ ಕೊಟ್ಟೇನಿ.

ಗದಗ_ಬೆಟಗೇರಿ · ರಾತ್ರಿ 9:20

ತಮ್ಮನ ಬ್ಲಡ್ ಗ್ರೂಪ್ ಬದಲಾಗ್ತದ ಅಂತಾರಲ್ಲ, ಅದು ಹೆಂಗ?

ಲ್ಯಾಬ್_ಬೆಂಚು · ರಾತ್ರಿ 9:35

ರಕ್ತ ತಯಾರಾಗೋ ಕಾರ್ಖಾನೆಯೇ ಅಕ್ಕನದ್ದಾದ ಮೇಲೆ ಗುಂಪೂ ಅಕ್ಕನದ್ದೇ. ಕೆಲವು ತಿಂಗಳು ಹಿಡಿಯುತ್ತೆ. ಅವನ ರಕ್ತದ ಕ್ರೋಮೋಸೋಮ್ ನೋಡಿದ್ರೆ ಎಕ್ಸ್ ಎಕ್ಸ್, ಅಂದ್ರೆ ಹೆಂಗಸಿನದ್ದು ಕಾಣುತ್ತೆ. ಕಸಿ ಎಷ್ಟು ಹಿಡಿದಿದೆ ಅಂತ ನಾವು ಅಳೆಯೋ ದಾರಿಗಳಲ್ಲಿ ಅದೂ ಒಂದು. ಸ್ವಭಾವ, ರೂಪ ಯಾವುದೂ ಬದಲಾಗಲ್ಲ. ಚಿಕ್ಕಂದಿನಲ್ಲಿ ಹಾಕಿಸಿದ್ದ ಲಸಿಕೆಯ ಬಲ ಮಾತ್ರ ಹೋಗುತ್ತೆ, ಮತ್ತೆ ಎಳೆ ಮಗುವಿನ ಹಾಗೆ ಮೊದಲಿಂದ ಹಾಕಿಸಬೇಕು.

ಹೇಮಾವತಿ_ತೀರ · ಅಕ್ಟೋಬರ್ 11, ರಾತ್ರಿ 11:15

ಇವತ್ತು ಕೊಟ್ಟೆ. ನಾಲ್ಕು ಗಂಟೆ ಹತ್ತು ನಿಮಿಷ. ತುಟಿ ಜುಮ್ ಅಂದಾಗ ನಾನೇ ಸಿಸ್ಟರ್‌ಗೆ ಕ್ಯಾಲ್ಸಿಯಂ ಅಂದೆ, ಅವರಿಗೆ ಆಶ್ಚರ್ಯ. ಸೊಂಟ ನೋವಿದೆ, ತಡೆಯೋ ಹಾಗಿದೆ. ಸಂಜೆ ಆರೂವರೆಗೆ ತಮ್ಮನಿಗೆ ಏರಿಸಿದ್ರು. ಗಾಜಿನ ಆಚೆ ನಿಂತು ನೋಡಿದೆ. ತಲೆ ಬೋಳಾಗಿದೆ, ಬಾಯಲ್ಲಿ ಹುಣ್ಣು ಶುರುವಾಗಿದೆ, ಮಾತಾಡಕ್ಕಾಗಲ್ಲ. ಚೀಲ ಖಾಲಿ ಆದ ಮೇಲೆ ಕೈ ಎತ್ತಿ ತೋರಿಸಿದ.

ತುಂಗೆಯ_ದಡ · ರಾತ್ರಿ 11:40

ಒಳ್ಳೇದಾಗಲಿ ತಾಯಿ. ಹತ್ತಿರದಲ್ಲಿ ಮನೆ ಸಿಕ್ತಾ?

ಹೇಮಾವತಿ_ತೀರ · ರಾತ್ರಿ 11:44

ಸಿಕ್ತು ಅಣ್ಣ, ಆಸ್ಪತ್ರೆಯಿಂದ ನಡೆಯೋ ದೂರ. ಅಮ್ಮ ಕುಕ್ಕರ್, ಹೊಸ ಪಾತ್ರೆ ತಂದಿದ್ದಾರೆ. ಎಲ್ಲ ಕುಕ್ಕರಲ್ಲೇ ಬೇಯಿಸಿ ಬಿಸಿಬಿಸಿ ಕೊಡಬೇಕು, ಮೊಸರು, ಹಸಿ ಕೊತ್ತಂಬರಿ ಹಾಕೋ ಹಾಗಿಲ್ಲ ಅಂದ್ರು. ನೀವು ಬರೆದಿದ್ದನ್ನ ಅಮ್ಮ ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿದ್ದಾರೆ. ಚರ್ಮ, ಭೇದಿ, ಹಳದಿ, ಜ್ವರ.

ಮಂಡ್ಯದ_ಗದ್ದೆ · ಅಕ್ಟೋಬರ್ 20, ಬೆಳಗ್ಗೆ 6:05

ತಂಗಿ, ಹುಡುಗ ಹೆಂಗವನೆ? ದಿನಾ ಇಲ್ಲಿ ಬಂದು ನೋಡ್ತಾ ಇವ್ನಿ.

ಹೇಮಾವತಿ_ತೀರ · ಅಕ್ಟೋಬರ್ 20, ಮಧ್ಯಾಹ್ನ 3:30

ಜ್ವರ 103 ಬಂದಿತ್ತು ಅಣ್ಣ, ಆ್ಯಂಟಿಬಯೋಟಿಕ್ ಬದಲಾಯಿಸಿದ್ರು. ಬಾಯಿ ಹುಣ್ಣಿಂದ ಎಂಜಲು ನುಂಗಕ್ಕೂ ಆಗ್ತಿಲ್ಲ, ನರದಲ್ಲೇ ಆಹಾರ. ಕೌಂಟ್ ಇನ್ನೂ 40. ಎರಡು ದಿನಕ್ಕೊಮ್ಮೆ ಪ್ಲೇಟ್‌ಲೆಟ್. ಅವನ ಕ್ರಿಕೆಟ್ ಟೀಮಿನ ಹುಡುಗರು ಹಾಸನದಿಂದ ಸರದಿ ಮೇಲೆ ಬಂದು ಕೊಡ್ತಿದ್ದಾರೆ.

ವಾರ್ಡ್_ಸಿಸ್ಟರ್ · ಅಕ್ಟೋಬರ್ 20, ಸಂಜೆ 4:00

ಒಂಬತ್ತನೇ ದಿನ ಇದೇ ಥರ ಇರುತ್ತೆ ಅಕ್ಕ. ನ್ಯೂಟ್ರೋಫಿಲ್, ಅಂದ್ರೆ ಸೋಂಕಿನ ವಿರುದ್ಧ ಹೋರಾಡೋ ಬಿಳಿ ರಕ್ತಕಣ, 500 ದಾಟಿ ಮೂರು ದಿನ ಒಂದೇ ಸಮ ನಿಂತರೆ ಕಸಿ ಹಿಡೀತು ಅಂತ ಲೆಕ್ಕ. ಎರಡರಿಂದ ಮೂರು ವಾರ ಆಗಬಹುದು. ಕೌಂಟ್ ಏರೋಕೆ ಶುರುವಾದ್ರೆ ಬಾಯಿ ಹುಣ್ಣೂ ತಾನಾಗೇ ಮಾಯುತ್ತೆ.

ಹೇಮಾವತಿ_ತೀರ · ಅಕ್ಟೋಬರ್ 28, ರಾತ್ರಿ 9:50

ಭಾನುವಾರ 310. ನಿನ್ನೆ 540. ಇವತ್ತು 690. ಮಧ್ಯಾಹ್ನ ಎರಡು ಚಮಚ ರಾಗಿ ಗಂಜಿ ಕುಡಿದ. ಅತ್ತೆ ಫೋನಲ್ಲಿ ಕೇಳ್ತಿದ್ರು, ನಾಳೆದು ಎಷ್ಟು ಹೊತ್ತಿಗೆ ಗೊತ್ತಾಗುತ್ತೆ ಅಂತ.

ರೊಟ್ಟಿ_ಬುತ್ತಿ · ರಾತ್ರಿ 9:52

ಎಷ್ಟಕ್ಕ ಬರ್ತದ್ರಿ?

ಹೇಮಾವತಿ_ತೀರ · ರಾತ್ರಿ 9:53

ಬೆಳಗ್ಗೆ ಐದಕ್ಕೆ ರಕ್ತ ತಗೋತಾರೆ. ಏಳೂವರೆಗೆ ರಿಪೋರ್ಟ್.